ಕುರಿಗಳು ಮಲಗಿದ ಮೂಲೆ

ನಮ್ಮ ತೆಂಗಿನ ತೋಟದಷ್ಟು ಚೊಕ್ಕಟವಾದ ತೋಟ ಸುತ್ತಮುತ್ತ ಇಲ್ಲ ಎಂದು ಯಾರಾದರೂ ನಮ್ಮ ಯಜಮಾನರಿಗೆ ಹೇಳಿದರೆ, ಆ ಹೊಗಳಿಕೆಯನ್ನು ನಾನು ಒಳಗೊಳಗೇ ನನ್ನ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದೆ. ಉಳುವುದು ಅವರಾದರೂ ಗುಡಿಸುವುದು ನಾನು ತಾನೇ. ಬಿಳಿಗೆರೆ ಕಡೆಯ ನನ್ನ ತವರಿನಲ್ಲಿ ಅಮ್ಮ ಹಾಗೇ ಕಲಿಸಿದ್ದಳು. ಬಿದ್ದ ಗರಿ ಬಿದ್ದಲ್ಲೇ ಕೊಳೆಯುತ್ತಿದ್ದರೆ ನೋಡಿದವರು ಆ ಮನೆಯಲ್ಲಿ ಹೆಂಗಸಿಲ್ಲ ಅಂದುಕೊಳ್ಳುತ್ತಾರೆ ಎನ್ನುತ್ತಿದ್ದಳು. ಮದುವೆಯಾಗಿ ಚಿಕ್ಕನಾಯಕನಹಳ್ಳಿ ಕಡೆಯ ಈ ಊರಿಗೆ ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ. ಪ್ರತಿ ಶುಕ್ರವಾರ ಗರಿ, ಒಣಗಿದ ಹೊಂಬಾಳೆ, ತರಗು ಎಲ್ಲವನ್ನೂ ಎಳೆದು ಗುಡ್ಡೆ ಮಾಡಿ ಬೆಂಕಿ ಇಡುತ್ತಿದ್ದೆ. ಶನಿವಾರ ಮನೆದೇವರು ರಂಗನಾಥಸ್ವಾಮಿಗೆ ದೀಪ ಹಚ್ಚುವ ಹೊತ್ತಿಗೆ ತೋಟವೂ ದೇವರಮನೆಯ ಹಾಗೆ ಕಾಣಬೇಕು. ಕೆಂಪು ನೆಲದ ಮೇಲೆ ಸಾಲು ಹಿಡಿದು ನಿಂತ ಮರಗಳು, ನಡುವೆ ಒಂದು ಕಡ್ಡಿಯೂ ಇಲ್ಲ. ಅದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತಿತ್ತು.

ಆ ಚೊಕ್ಕಟತನ ನನ್ನ ಕೈಬಿಟ್ಟುಹೋದದ್ದು ಹಟ್ಟಿಯ ಅಕ್ಕ ಕುರಿಗಳಿಗೆ ನೀರು ಕೇಳಲು ಬಂದ ಬೇಸಿಗೆಯಲ್ಲಿ.

ಅಕ್ಕ ಎಂದರೆ ನನಗೆ ರಕ್ತಸಂಬಂಧವೇನಲ್ಲ. ನಮ್ಮೂರಾಚೆ ಗುಡ್ಡದ ಬುಡದಲ್ಲಿ ಕುರಿ ಸಾಕುವವರ ಒಂದು ಸಣ್ಣ ಹಟ್ಟಿ ಇದೆ. ಗಂಡ ತೀರಿಹೋದ ಮೇಲೆ ಮೂವತ್ತೆರಡು ಕುರಿಗಳನ್ನು ಒಬ್ಬಳೇ ನೋಡಿಕೊಳ್ಳುವ ಹೆಂಗಸು ಆಕೆ. ಪ್ರತಿ ವರ್ಷ ರಾಗಿ ಕುಯ್ಲು ಮುಗಿದ ಮೇಲೆ ನಮ್ಮ ತೋಟದಲ್ಲಿ ಕುರಿಮಂದೆ ನಿಲ್ಲಿಸುತ್ತಾಳೆ. ಬಲೆ ಕಟ್ಟಿ ಕುರಿಗಳನ್ನು ಎರಡು ದಿನ ಒಂದು ಕಡೆ, ಎರಡು ದಿನ ಇನ್ನೊಂದು ಕಡೆ ಕೂಡುತ್ತಾಳೆ. ಅವುಗಳ ಹಿಕ್ಕೆ, ಗಂಜಲ ಮರದ ಬುಡಕ್ಕೆ ಗೊಬ್ಬರ. ಬದಲಿಗೆ ನಾವು ರಾಗಿ, ಕಾಯಿ ಕೊಡುತ್ತೇವೆ. ನಮ್ಮ ಅತ್ತೆಯ ಕಾಲದಿಂದ ನಡೆದುಬಂದದ್ದು. ಹಾಗಾಗಿ ಕುಯ್ಲಿನ ಕಾಲದಲ್ಲಿ ಬರುವವಳು ಬೇಸಿಗೆಯ ನಡುವೆ ಒಬ್ಬಳೇ ಬಂದು ಜಗಲಿಯ ಕೆಳಗೆ ನಿಂತಾಗ ಏನೋ ಆಗಿದೆ ಎಂದು ನನಗೆ ತಿಳಿಯಿತು.

"ಒಳಿಕೆ ಬಾರಕ್ಕ, ಬಿಸ್ಲಾಗೆ ಯಾಕೆ ನಿಂತೀಯ?" ಎಂದೆ.

"ಕೂರಕ್ಕೆ ಬರ್ಲಿಲ್ಲ ಕಣವ್ವ. ಹಟ್ಟಿ ಬೋರಿನಾಗೆ ಬರೀ ಗಾಳಿ ಬತ್ತಾ ಐತೆ. ಜನಕ್ಕೆ ಪಂಚಾಯ್ತಿಯೋರು ದಿನ ಬಿಟ್ಟು ದಿನ ಟ್ಯಾಂಕರ್ ಕಳಿಸ್ತವ್ರೆ, ಅವ್ರ ಹೊಟ್ಟೆ ತಣ್ಣಗಿರ್ಲಿ. ಕುರಿಗೆ ಯಾರು ಕಳಿಸ್ತಾರೆ? ಕಟ್ಟೆ ಒಣಗಿ ಬಿರುಕು ಬುಟ್ಟೈತೆ. ಇನ್ನೊಂದು ವಾರ ನೋಡ್ತೀನಿ. ಆಗ್ದಿದ್ರೆ ಹುಳಿಯಾರು ಸಂತೆಗೆ ಹೊಡ್ಕಂಡೋಗಿ ಎಲ್ಲಾನೂ ಕೊಟ್ಬುಡ್ತೀನಿ."

ಎಲ್ಲವನ್ನೂ ಕೊಡುವುದು ಎಂದರೆ ಯಾರಿಗೆ ಎಂದು ಕೇಳಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಸೊರಗಿದ ಕುರಿಯನ್ನು ಸಾಕುವುದಕ್ಕೆಂದು ಕೊಳ್ಳುವವರು ಯಾರೂ ಇರುವುದಿಲ್ಲ. ಆ ಮಂದೆ ಹೋದರೆ ಅಕ್ಕನಿಗೆ ಬೇರೆ ಬದುಕಿಲ್ಲ.

"ದಿನಕ್ಕೆ ಒಂದು ಬಾನಿ ನೀರು ಕೊಟ್ರೆ ಮಳೆಗಂಟ ಎಳ್ಕೊಂಡೋಯ್ತೀನಿ" ಎಂದಳು. ನಮ್ಮ ತೊಟ್ಟಿಯ ಪಕ್ಕದ ಕಲ್ಲುಬಾನಿ ಅವಳಿಗೆ ಗೊತ್ತಿತ್ತು.

ನಾನು ಹಿಂದೆಮುಂದೆ ನೋಡದೆ ಆಗಲಿ ಎಂದುಬಿಟ್ಟೆ. ಬಾಯಿಲ್ಲದ ಜೀವಕ್ಕೆ ನೀರು ಇಲ್ಲ ಎಂದು ಹೇಳಿ ಸಂಜೆ ಯಾವ ಮುಖ ಇಟ್ಟುಕೊಂಡು ದೇವರಿಗೆ ದೀಪ ಹಚ್ಚಲಿ?

ಯಜಮಾನರು ತೋಟದಿಂದ ಬಂದು ವಿಷಯ ಕೇಳಿ ಟವೆಲ್ ಕೊಡವಿದರು. ಅವರು ಕೆಟ್ಟವರಲ್ಲ. ಆದರೆ ಆ ದಿನಗಳಲ್ಲಿ ಅವರ ತಲೆಯಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ತ್ರೀಫೇಸ್ ಕರೆಂಟು ಬಂದಷ್ಟು ಹೊತ್ತು ಮೋಟರು. ಅಷ್ಟರಲ್ಲೂ ಬೋರು ನಡುನಡುವೆ ಕೆಮ್ಮುತ್ತಿತ್ತು. ತೋಟಕ್ಕೆಲ್ಲ ನೀರು ಒಂದು ಸುತ್ತು ಬರಲು ಎಂಟು ದಿನ. ಆ ಎಂಟು ದಿನದೊಳಗೇ ಪಾತಿ ಒಣಗಿ ಮರದಿಂದ ಹರಳು ಉದುರುತ್ತಿದ್ದವು. ಹರಳು ಎಂದರೆ ಇನ್ನೂ ಕಾಯಾಗದ ಎಳೆಯ ಮಿಡಿ. ಒಂದೊಂದು ಹರಳು ಬಿದ್ದಾಗಲೂ ಮುಂದಿನ ವರ್ಷದ ಒಂದು ಕೊಬ್ಬರಿ ಹೋಯಿತು ಎಂದೇ ಲೆಕ್ಕ.

"ಅಲ್ಲ ಕಣೇ, ಮರಕ್ಕೇ ಸಾಲ್ದು, ನೀನು ಮಾತು ಕೊಟ್ಟು ಕೂತಿದೀಯಲ್ಲ?"

"ಒಂದು ಬಾನಿ ತಾನೇರೀ."

"ದಿನಾ ಒಂದು ಬಾನಿ! ಮಳೆ ಯಾವಾಗ ಬತ್ತದೆ ಅಂತ ನಿನ್ನ ದೇವ್ರು ಹೇಳವ್ನಾ?" ಎಂದವರು, ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಇರ್ಲಿ, ಹೆಂಗೂ ಇನ್ನೊಂದು ಬೋರು ಕೊರೆಸ್ಬೇಕು ಅಂತಿದೀನಿ. ಪಾಯಿಂಟು ಮಾಡ್ಸಿಟ್ಟಿಲ್ವಾ? ಆಳಕ್ಕೆ ಹೋದ್ರೆ ಸಿಗ್ತದೆ. ಆಮೇಲೆ ಹಟ್ಟಿಗೆಲ್ಲ ಕೊಡು ಬೇಕಾದ್ರೆ."

ಪಾಯಿಂಟು ಮಾಡುವವನು ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ತೋಟವೆಲ್ಲ ನಡೆದಿದ್ದ. ನೀರಿರುವ ಜಾಗದಲ್ಲಿ ಕಾಯಿ ತಾನೇ ಎದ್ದು ನಿಲ್ಲುತ್ತದಂತೆ. ನಮ್ಮ ತೋಟದಲ್ಲಿ ಅದು ಮೂರು ಕಡೆ ಎದ್ದು ನಿಂತಿತ್ತು. ಅಷ್ಟು ಕಡೆ ನಿಲ್ಲುವ ಕಾಯಿಯನ್ನು ಎಷ್ಟು ನಂಬಬೇಕೋ ಎಂದು ಅತ್ತೆ ಆಗಲೇ ಗೊಣಗಿದ್ದರು.

ಅಕ್ಕ ಇನ್ನೂ ಹೋಗಿರಲಿಲ್ಲ. ಕೊಟ್ಟಿಗೆಯ ನೆರಳಿನಲ್ಲಿ ಕುಳಿತು ನಾನು ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದಳು. ಲೋಟ ಕೆಳಗಿಟ್ಟು, ಸಿಟ್ಟಿಲ್ಲದೆ, ದಾರಿಯಲ್ಲಿ ಕಂಡದ್ದನ್ನು ಹೇಳುವವಳ ಹಾಗೆ ಹೇಳಿದಳು:

"ನಮ್ ಹಟ್ಟಿ ಬೋರು ನಿಂತಿದ್ದೂ ಅಂಗೇ ಕಣಪ್ಪ. ಗುಡ್ಡದ ತಾವ ತೋಟದೋರು ಆಳಕ್ಕೆ ಕೊರೆಸಿದ್ರು. ಅವ್ರಿಗೆ ನೀರು ಬಂತು. ನಮ್ದು ಹೋಯ್ತು."

ಯಜಮಾನರು ಒಳಗೆ ಹೋಗಿ ಊಟಕ್ಕೆ ಕುಳಿತರು. ಎದ್ದು ಕೈತೊಳೆಯುವಾಗ, "ಬರ್ಲಿ ನಾಳೆಯಿಂದ. ನೋಡಾನ" ಎಂದರು. ಸಂಜೆ ದೀಪದ ಮುಂದೆ ಕುಳಿತು ಆ ದಿನ ಸಿಕ್ಕ ಒಳ್ಳೆಯದನ್ನು ಒಂದೊಂದಾಗಿ ದೇವರಿಗೆ ಹೇಳುವುದು ನನ್ನ ಅಭ್ಯಾಸ. ಅವತ್ತು ಮೊದಲು ಹೇಳಿದ್ದು ಆ "ನೋಡಾನ" ಎಂಬ ಮಾತನ್ನೇ.

ಮಾರನೆಯ ದಿನ ಮಧ್ಯಾಹ್ನ ಮಂದೆ ಬಂತು. ಕುರಿಗಳು ಬಾನಿಗೆ ಮುಗಿಬಿದ್ದು ಕುಡಿದ ರೀತಿ ನೋಡಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಕುಡಿದ ಮೇಲೆ ಹತ್ತಿರದ ಮರಗಳ ನೆರಳಿನಲ್ಲಿ ಮಲಗುತ್ತವೆ ಎಂದುಕೊಂಡಿದ್ದೆ. ಮಲಗಲಿಲ್ಲ. ನಾನು ಹಿಂದಿನ ದಿನವಷ್ಟೇ ಗುಡಿಸಿದ್ದ ಸಾಲುಗಳನ್ನು ದಾಟಿ, ಒಂದರ ಹಿಂದೊಂದು ನಡೆದು, ಬಡಗಣ ಮೂಲೆಗೆ ಹೋಗಿ ಒತ್ತಾಗಿ ಮಲಗಿದವು.

ನನಗೆ ಪ್ರಾಣ ಹೋದಂತಾಯಿತು. ಆ ಮೂಲೆಯನ್ನು ನಾನು ಯಾರಿಗೂ ತೋರಿಸುವವಳಲ್ಲ. ಮಂಡಿನೋವು ಬಂದ ಮೇಲೆ ಆ ಮೂಲೆಯವರೆಗೂ ಬಗ್ಗಿ ಗುಡಿಸಲು ಆಗದೆ, ಸುಡದೆ ಉಳಿದ ಗರಿಯನ್ನೂ ಕೊಟ್ಟಿಗೆಯ ಕಸವನ್ನೂ ಅಲ್ಲಿನ ಏಳು ಮರಗಳ ಬುಡಕ್ಕೆ ತಳ್ಳಿ, ಬೇಲಿಯ ಮರೆಯಲ್ಲಿ ಯಾರಿಗೆ ಕಾಣುತ್ತದೆ ಎಂದು ಸುಮ್ಮನಾಗಿದ್ದೆ.

"ಅಯ್ಯೋ, ಅಲ್ಲಿ ಬ್ಯಾಡ ಕಣಕ್ಕ, ಕಸ ಐತೆ. ಈ ಕಡೆ ಹೊಡಿ" ಎಂದೆ.

"ಅವುಕ್ಕೆ ಗೊತ್ತು ಬುಡವ್ವ ತಣ್ಣಗೆ ಎಲ್ಲಿರ್ತದೆ ಅಂತ" ಎಂದು ಅಕ್ಕ ನಕ್ಕಳು. ಬಗ್ಗಿ, ಗರಿಗಳ ಕೆಳಗೆ ಕೈ ತೂರಿಸಿ, ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ನೋಡು."

ಮಣ್ಣು ಕಪ್ಪಗೆ, ತಣ್ಣಗೆ ಇತ್ತು. ಹಿಂಡಿದರೆ ಉಂಡೆಯಾಗುತ್ತಿತ್ತು. ಆ ಮೂಲೆಗೆ ನೀರು ಹಾಯಿಸಿ ಒಂದು ವಾರ ದಾಟಿತ್ತು. ನಾನು ಗುಡಿಸಿದ ಸಾಲಿಗೆ ನೀರು ಬಿಟ್ಟು ಇನ್ನೂ ಮೂರು ದಿನ. ಅಲ್ಲಿನ ಪಾತಿ ಆಗಲೇ ಹೆಂಚಿನ ಹಾಗೆ ಕಾದು ಬಿರುಕು ಬಿಟ್ಟಿತ್ತು.

ಯಜಮಾನರನ್ನು ಕರೆದೆ. ಬಂದವರು ಮೊದಲು ಕಾಲಿನಿಂದ ಕಸ ಸರಿಸಿದರು, ಆಮೇಲೆ ಮಂಡಿಯೂರಿ ಕೈಯಿಂದ ಸರಿಸಿದರು. ಎದ್ದು ಆ ಏಳು ಮರಗಳ ಬುಡದಲ್ಲಿ ಬಿದ್ದ ಹರಳು ಆಯ್ದರು. ಒಂದು ಬೊಗಸೆಯೂ ಆಗಲಿಲ್ಲ. ಪಕ್ಕದ ಸಾಲಿನಲ್ಲಿ ಎರಡು ಮರಗಳ ಬುಡದಲ್ಲಿ ಆಯ್ದದ್ದಕ್ಕೇ ಮಂಕರಿ ತುಂಬುತ್ತಾ ಬಂತು. ಮಂಕರಿ ಹಿಡಿದುಕೊಂಡು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೈಗುಳವೇನೂ ಇರಲಿಲ್ಲ. ಆದರೂ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಇಷ್ಟು ವರ್ಷ ಪ್ರತಿ ಶುಕ್ರವಾರ ನಾನು ಸುಟ್ಟದ್ದು ಕಸವಲ್ಲ, ಮರದ ಬುಡದ ತಂಪನ್ನು.

ಅಕ್ಕನೊಡನೆ ಮನೆಗೆ ಬಂದು ಅತ್ತೆಯ ಮುಂದೆ ಹೇಳಿದೆ. ಎಲೆಗೆ ಸುಣ್ಣ ಸವರುತ್ತಿದ್ದವರು ತಲೆಯೆತ್ತಲೂ ಇಲ್ಲ.

"ನಿಮ್ಮಾವ ಬುಡದ ಸುತ್ತ ಕಾಯಿಮಟ್ಟೆ ಹೂಳ್ತಿದ್ರು. ಗರಿ ಕಡಿದು ಮೇಲೆ ಹಾಸ್ತಿದ್ರು. ಆಗ ಎಲ್ಲಿತ್ತು ಬೋರು? ಬಾವೀಲಿ ಏತ."

"ಮತ್ತೆ ಇಷ್ಟು ವರ್ಷ ನಂಗೆ ಯಾಕೆ ಹೇಳ್ಲಿಲ್ಲತ್ತೆ?"

"ನೀನು ಪೊರಕೆ ಹಿಡಿದ್ರೆ ಯಾರ ಮಾತು ಕೇಳ್ತೀಯೇ? ಒಂದಿನ ನನ್ನೂ ಸೇರ್ಸಿ ಗುಡಿಸ್ತೀಯ ಅಂತ ನಾನು ಜಗಲಿ ಬುಟ್ಟು ಇಳೀತಾನೇ ಇರ್ಲಿಲ್ಲ."

ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು. ಆ ನಗುವೂ ಸಂಜೆ ದೇವರಿಗೆ ಹೇಳುವ ಲೆಕ್ಕಕ್ಕೆ ಸೇರಿತು.

ಆ ವರ್ಷ ಅಟ್ಟದಲ್ಲಿ ಕೊಬ್ಬರಿಗೆಂದು ಇಟ್ಟಿದ್ದ ಕಾಯಿ ಸುಲಿದು ಸ್ವಲ್ಪ ದಿನವಷ್ಟೇ ಆಗಿತ್ತು. ಮಟ್ಟೆ ಕಣದಲ್ಲಿ ಮನೆಯೆತ್ತರ ಬಿದ್ದಿತ್ತು. ಅದರಲ್ಲಿ ಅರ್ಧ ನಾರಿನ ಫ್ಯಾಕ್ಟರಿಯವರಿಗೆ ಹೋಗಬೇಕಿತ್ತು. ಉಳಿದರ್ಧ ನನ್ನ ನೀರೊಲೆಗೆ. ಯಜಮಾನರು ಫ್ಯಾಕ್ಟರಿಯ ಲಾರಿಗೆ ಈ ಸಲ ಬೇಡ ಎಂದು ಹೇಳಿಬಿಟ್ಟರು. ನನ್ನ ಪಾಲಿನದನ್ನು ಕೇಳಲು ಅವರಿಗೆ ಧೈರ್ಯ ಸಾಲಲಿಲ್ಲವೇನೋ, ಸುಮ್ಮನೆ ಒಲೆಯ ಕಡೆ ನೋಡುತ್ತಾ ನಿಂತರು. ನಾನೇ ತಗೊಳ್ಳಿ ಎಂದೆ.

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಬೆಳಗಿನ ಐದಕ್ಕೆ ಹಂಡೆಯ ಕೆಳಗೆ ಹತ್ತಿದ ಉರಿ ಒಂಬತ್ತಾದರೂ ಆರುತ್ತಿರಲಿಲ್ಲ. ಹಂಡೆ ಬರಿದಾದಂತೆ ತುಂಬುವುದು, ಮಟ್ಟೆ ಒಟ್ಟುವುದು. ಬಿಸಿನೀರು ಇದೆ ಎಂದು ಎಲ್ಲರೂ ಸುರಿದುಕೊಳ್ಳುವುದೇ. ನಾನಂತೂ ಮಡಿ ಎಂದು ದಿನಕ್ಕೆ ಎರಡು ಸಲ ಮೀಯುತ್ತಿದ್ದೆ. ಅಂಗಳಕ್ಕೆ ನಾಲ್ಕು ಬಿಂದಿಗೆ, ದೇವರ ಪಾತ್ರೆ ತೊಳೆಯಲು ಒಂದು ಬಿಂದಿಗೆ. ಯಾರಿಗೂ ನಾನು ದುಂದು ಮಾಡುವವಳು ಎಂದು ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ಒಂದು ದಿನ ಸುಮ್ಮನೆ ಎಣಿಸಿದೆ. ಮನೆಯಲ್ಲಿ ಖರ್ಚಾದ ಬಿಂದಿಗೆಗಳನ್ನು ಕಲ್ಲುಬಾನಿಗೆ ಸುರಿದಿದ್ದರೆ ಅದು ತುಂಬಿ ಮೇಲೆ ಉಳಿಯುತ್ತಿತ್ತು.

ಆವತ್ತಿನಿಂದ ಮನೆಯವರಿಗೆಲ್ಲ ವಾರಕ್ಕೆ ಎರಡೇ ದಿನ ಬಿಸಿನೀರು ಎಂದೆ. ಅತ್ತೆಗೆ ಮಾತ್ರ ದಿನಾ, ಒಂದು ಸಣ್ಣ ಪಾತ್ರೆಯಲ್ಲಿ. ಅಂಗಳಕ್ಕೆ ಒಂದು ಬಿಂದಿಗೆ ಸಾಕಾಯಿತು. ರಂಗೋಲಿ ಅಷ್ಟೇ ಬೆಳ್ಳಗೆ ಕಂಡಿತು. ಬಚ್ಚಲ ನೀರನ್ನು ಕಾಲುವೆ ತೋಡಿ ಬಾಳೆಯ ಬುಡಕ್ಕೆ ತಿರುಗಿಸಿದೆವು. ದೇವರಿಗೆ ಒಂದು ಚೊಂಬು ನೀರಿನಲ್ಲಿ ಎಲ್ಲ ಮುಗಿಸಿ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊ ಸ್ವಾಮಿ ಎಂದೆ. ಮನೆಗೆ ಯಾವ ಕೆಡುಕೂ ಆಗಲಿಲ್ಲ.

ಹತ್ತು ದಿನ ಬೆನ್ನು ಮುರಿಯುವ ಕೆಲಸ. ಬುಡದಿಂದ ಒಂದು ಮಾರು ಬಿಟ್ಟು ಸುತ್ತ ಸಣ್ಣ ಕಾಲುವೆ ತೋಡುವುದು, ಮಟ್ಟೆಯನ್ನು ಬಟ್ಟಲಿನಂತೆ ಮೇಲ್ಮುಖವಾಗಿ ಜೋಡಿಸುವುದು, ಮಣ್ಣೆಳೆದು ಮೇಲೆ ಗರಿ ಹಾಸುವುದು. ಬುಡಕ್ಕೆ ಒತ್ತಿ ಹಾಕಿದರೆ ಗೆದ್ದಲು ಹತ್ತುತ್ತದೆ ಎಂದು ಅತ್ತೆ ಕೋಲೂರಿಕೊಂಡು ಬಂದು ಅಳತೆ ತೋರಿಸಿದರು. ಅಕ್ಕ ಕುರಿ ಮಲಗಿಸಿ, ಕೇಳದೆಯೇ ಗುದ್ದಲಿ ಹಿಡಿದಳು. ಎಲ್ಲ ಮರಕ್ಕೂ ಮಟ್ಟೆ ಸಾಲಲಿಲ್ಲ. ಮುಕ್ಕಾಲು ಪಾಲು ಆಯಿತು. ಎಂಟು ದಿನದ ಸುತ್ತನ್ನು ಹನ್ನೆರಡು ದಿನಕ್ಕೆ ಎಳೆದರೂ ಆ ಮರಗಳು ಸೊರಗಲಿಲ್ಲ. ಮಿಕ್ಕ ನೀರು ಬಾನಿಗೆ ಬಂತು.

ಆದರೆ ನೋಡುವುದಕ್ಕೆ ತೋಟ ಏನೂ ಚೆನ್ನಾಗಿರಲಿಲ್ಲ. ಮಾಯಸಂದ್ರದಿಂದ ನನ್ನ ನಾದಿನಿ ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, "ಯಾಕತ್ಗೆ, ಮೈಗೆ ಹುಷಾರಿಲ್ವಾ? ತೋಟ ತಿಪ್ಪೆ ಆಗೋಗೈತೆ!" ಎಂದಳು. ಹೊರಡುವಾಗ ನನ್ನ ಕೈ ಹಿಡಿದು, "ಆಳು ಸಿಗ್ದಿದ್ರೆ ಹೇಳು, ನಮ್ಮ ಕಡೆಯಿಂದ ಕಳಿಸ್ತೀನಿ" ಎಂದಳು. ಅವಳದು ಪ್ರೀತಿಯೇ. ನನಗೆ ಮಾತ್ರ ಎರಡು ದಿನ ಅನ್ನ ಸೇರಲಿಲ್ಲ. ಪೊರಕೆ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಎಲ್ಲ ದಡ ಹತ್ತಿತು ಎನ್ನುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಒಂದು ದಿನ, ಎರಡು ದಿನ, ಮೂರು ದಿನ. ಬೋರಿನಲ್ಲಿ ಇದ್ದಷ್ಟು ನೀರನ್ನೂ ಮೇಲೆತ್ತುವ ದಾರಿ ಇಲ್ಲ. ತೊಟ್ಟಿಯಲ್ಲಿ ಮೊಣಕಾಲುದ್ದ ಮಾತ್ರ ಉಳಿಯಿತು. ಅದರಲ್ಲೇ ನಮ್ಮ ಮನೆ, ನಮ್ಮ ಎರಡು ಹಸು. ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ಬೇಲಿಯ ಹೊರಗೇ ಮಂದೆ ನಿಲ್ಲಿಸಿಕೊಂಡಳು. ಒಳಗೆ ಬರಲಿಲ್ಲ. ಕುರಿಗಳು ಬಾನಿಯ ವಾಸನೆ ಹಿಡಿದು ಕೂಗುತ್ತಿದ್ದವು.

ನಾನು ಯಜಮಾನರ ಕಡೆ ನೋಡಿದೆ. ಅವರು ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ನೀರು ನೋಡುತ್ತಿದ್ದರು. ಆಮೇಲೆ ಎದ್ದು, "ಏನಕ್ಕ, ಅಲ್ಲೇ ನಿಂತೆ? ಹೊಡ್ಕಂಡು ಬಾ" ಎಂದು ಕೂಗಿದರು.

ಅವಳು ಒಬ್ಬಳೇ ಬಂದಳು. ಕೋಲನ್ನು ತೊಟ್ಟಿಯೊಳಗೆ ಇಳಿಸಿ ಎತ್ತಿ, ಒದ್ದೆಯಾದ ಭಾಗದ ಮೇಲೆ ಬೆರಳಿಟ್ಟು ನೋಡಿದಳು.

"ಇದು ನಿಮ್ಮನೆಗೆ ಎಷ್ಟು ದಿನ ಬತ್ತದೆ?"

"ನಮ್ದು ಹೆಂಗೋ ಆಗ್ತದೆ" ಎಂದೆ ನಾನು.

"ಹೆಂಗೋ ಅಂದ್ರೆ ಆಗಕಿಲ್ಲ ಕಣವ್ವ. ನೀನು ಕೊಡ್ತೀಯ ಅಂತ ನಾನು ಕುಡಿಸಿಬುಟ್ರೆ ನಾಳೆ ನಿನ್ನ ಹಸ ಏನು ಕುಡಿದಾವು?" ಕುರಿಗಳ ಕಡೆ ತಿರುಗಿದಳು. "ಇವತ್ತು ಅರ್ಧ ಬಾನಿ ಬುಡು. ಮರಿ ಹಾಕೋವು, ಎಳೇವು ಕುಡೀಲಿ. ಮಿಕ್ಕವುಕ್ಕೆ ನಾಳೆ. ವಯಸ್ಸಾದವು ಐದು ಅವೆ. ಅವುನ್ನ ಸಂತೆಗೆ ಕೊಟ್ಬುಡ್ತೀನಿ. ಇರೋ ನೀರಿಗೆ ಇಪ್ಪತ್ತೇಳು ಆಯ್ತವೆ. ಮೂವತ್ತೆರಡು ಆಗಕಿಲ್ಲ."

ನಾನು ಬೇಡವೆಂದೆ. ದೇವರು ದಾರಿ ತೋರಿಸುತ್ತಾನೆ ಎಂದೆ.

"ತೋರಿಸವ್ನಲ್ಲ" ಎಂದಳು ಅಕ್ಕ. "ಇಪ್ಪತ್ತೇಳಕ್ಕೆ ತೋರಿಸವ್ನೆ."

ಆ ಐದು ಕುರಿಗಳು ಹೋದ ದಿನ ಅವಳು ನಮ್ಮ ಮನೆಯ ಕಡೆ ಬರಲಿಲ್ಲ. ಮಾರನೆಯ ದಿನ ಬಂದಾಗ ಅವಳ ಕಣ್ಣು ಊದಿತ್ತು. ಕರೆಂಟು ಬಂದದ್ದು ಏಳನೆಯ ದಿನ. ಆ ವಾರವೆಲ್ಲ ಮರಗಳಿಗೆ ಒಂದು ತೊಟ್ಟೂ ಹೋಗಿರಲಿಲ್ಲ. ಮಟ್ಟೆ ಹೂಳದ ಸಾಲಿನಲ್ಲಿ ಹರಳು ಚೆಲ್ಲಾಡಿದ್ದವು. ಹೂಳಿದ ಕಡೆ ಯಜಮಾನರು ಗರಿ ಎತ್ತಿ ಮಣ್ಣು ಮುಟ್ಟಿ ನೋಡಿ, ಮತ್ತೆ ಜೋಪಾನವಾಗಿ ಮುಚ್ಚಿದರು. ಬೋರು ಕೊರೆಯುವ ಗಾಡಿಯವನು ಆ ಸಂಜೆ ಫೋನ್ ಮಾಡಿದ. ಯಜಮಾನರು "ಈಗ ಬ್ಯಾಡ ಕಣಪ್ಪ, ಆಮೇಲೆ ನೋಡಾನ" ಎಂದರು. ಅವನಿಗೆ ಹೇಳಿದ ಆ "ನೋಡಾನ" ನನಗೆ ಹೇಳಿದ್ದರ ಹಾಗಿರಲಿಲ್ಲ. ಇಪ್ಪತ್ತಾರು ವರ್ಷ ಜೊತೆಗಿದ್ದವಳಿಗೆ ಅಷ್ಟು ತಿಳಿಯುತ್ತದೆ.

ಮಳೆ ತಡವಾಗಿ ಬಂತು, ಆದರೆ ಬಂತು. ಹಟ್ಟಿಯ ಕಟ್ಟೆಗೆ ನೀರು ಬಂದ ದಿನ ಅಕ್ಕ ಬಂದು, ಇನ್ನು ಬಾನಿ ತುಂಬಿಸುವುದು ಬೇಡ ಎಂದು ಹೇಳಿ ಹೋದಳು.

ಆ ವರ್ಷ ಕುಯ್ಲಾದ ಮೇಲೆ ಮಂದೆ ಮತ್ತೆ ನಮ್ಮ ತೋಟಕ್ಕೆ ಬಂತು. ಇಪ್ಪತ್ತೇಳೂ ಇದ್ದವು. ಜೊತೆಗೆ ಒಂಬತ್ತು ಮರಿ. ಮೊದಲ ಬೆಳಿಗ್ಗೆ ನಾನು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದುಕೊಂಡು ಹೋದಾಗ ಅಕ್ಕ ಯಜಮಾನರ ಮುಂದೆ ಕುಳಿತಿದ್ದಳು. ನನ್ನನ್ನೂ ಕೂರು ಎಂದಳು.

"ಬೇಸಿಗೆ ಬಂದ ಮೇಲೆ ಕೇಳಿದ್ರೆ ಇಬ್ರಿಗೂ ಸಂಕಟ. ಅದುಕ್ಕೆ ಈಗ್ಲೇ ಕೇಳ್ತೀನಿ" ಎಂದಳು. "ಹಟ್ಟಿ ಬೋರು ಇನ್ನೂ ಸರ್ಯಾಗಿಲ್ಲ. ಈ ಸಲ ನಿಮ್ಮ ನೀರಿಗೆ ಎಷ್ಟು ಕುರಿ ಇಟ್ಕಬೋದು?"

ಯಜಮಾನರು ಯೋಚಿಸಿದರು. ಉಳಿದ ಕಾಲು ಪಾಲು ತೋಟಕ್ಕೂ ಮಟ್ಟೆ ಹೂಳುವುದಿತ್ತು. ಅದಾದರೆ ನೀರಿನ ಸುತ್ತನ್ನು ಇನ್ನೆರಡು ದಿನ ಹಿಗ್ಗಿಸಬಹುದು. "ಮೂವತ್ತಾರಕ್ಕೂ ಆಗ್ತದೆ ಬುಡು" ಎಂದರು ಉದಾರವಾಗಿ.

"ಹೋದ ಸಲದಂಗೆ ಕರೆಂಟು ಹೋದ್ರೆ?"

ಅವರು ಕತ್ತು ತುರಿಸಿಕೊಂಡರು. "ಹಂಗಾದ್ರೆ ಮೂವತ್ತು."

"ಇಪ್ಪತ್ತೆಂಟು ಇರ್ಲಿ" ಎಂದಳು ಅಕ್ಕ. "ಎರಡು ಕುರಿ ನೀರು ನಿಮ್ಮ ಹಸಗಳಿಗೆ ಕೈಯಾಗೆ ಇರ್ಲಿ. ಒಂದು ಮರಿ ಇಟ್ಕಂಡು ಮಿಕ್ಕವುನ್ನೆಲ್ಲ ಈಗ್ಲೇ ಸಾಕೋರಿಗೆ ಕೊಡ್ತೀನಿ. ಈಗಾದ್ರೆ ಮೈ ತುಂಬ್ಕಂಡವೆ, ಕೇಳಿ ತಗೊಂಡೋಯ್ತಾರೆ."

"ನನ್ನ ಬಿಸಿನೀರಿಂದೂ ಈಗ್ಲೇ ತೀರ್ಮಾನ ಮಾಡ್ಬುಡಿ" ಎಂದರು ಕೋಲೂರಿಕೊಂಡು ಬಂದ ಅತ್ತೆ. "ಕುರಿಗೆ ಕೊಟ್ಟಷ್ಟಾದ್ರೂ ನಂಗೂ ಇರ್ಲಿ."

ಎಲ್ಲರೂ ನಕ್ಕೆವು. ನಾನು ರೊಟ್ಟಿ ಹಂಚಿದೆ. ಅಕ್ಕ ತಿಂದು, ಕೈಯನ್ನು ಒಂದೇ ಲೋಟ ನೀರಿನಲ್ಲಿ ತೊಳೆದುಕೊಂಡು, ಇಪ್ಪತ್ತೆಂಟನೆಯದಾಗಿ ಯಾವ ಮರಿ ಉಳಿಸಿಕೊಳ್ಳಲಿ ಎಂದು ಮಂದೆಯೊಳಗೆ ನೋಡುತ್ತಾ ನಿಂತಳು. "ನೀನೇ ಹೇಳವ್ವ" ಎಂದಳು ನನಗೆ. ನಾನು ಕಿವಿಯ ಮೇಲೆ ಬಿಳಿ ಮಚ್ಚೆಯಿದ್ದ ಒಂದು ಹೆಣ್ಣುಮರಿಯನ್ನು ತೋರಿಸಿದೆ.